ಸಮಾಧಾನಮ್ಮನ ಓದು

ಕರುಣೆಯೊಡಲಾಗಿಳಿದು ಭುವಿಯಲಿ
ಹೊರೆಯ ಹೊತ್ತವರೊಡನೆ ನಡೆಯುತ
ಮರಣವನು ಗೆಲಿದೆದ್ದ ಬೆಳಗಿನ ಮುಕ್ತಿಭಾಸ್ಕರನೇ
ಶರಣು ನಿನ್ನಡಿಗೆನುತ ಮಣಿವೆವು
ಸಿರಿಯನರಿಯದ ಮನೆಯ ಹೆಂಗಳ
ಹರುಷದೀ ಕಥೆಗೆಮ್ಮ ನಾಲಗೆಗೊಲಿದು ಸಲಹಯ್ಯಾ

ದಢೇಸುಗೂರಿನ ಸಮಾಧಾನಮ್ಮನಿಗೆ ಊರಿನಲ್ಲಿ ಎರಡು ಹೆಸರುಗಳಿದ್ದವು. ಬದುವಿನ ಮೇಲೆ ಕೊಡೆ ಹಿಡಿದು ನಿಲ್ಲುವ ಜಮೀನುದಾರರ ಬಾಯಲ್ಲಿ ಅವಳು ‘ನಾಟಿ ಗುಂಪಿನ ಮುದುಕಿ’. ಹನ್ನೆರಡು ಮಂದಿ ಹೆಣ್ಣುಮಕ್ಕಳನ್ನು ಕೂಡಿಸಿಕೊಂಡು, ಕಾಲುವೆಯ ನೀರು ಹಾಯಿಸಿದ ಕೆಸರಿನಲ್ಲಿ ಬೆನ್ನು ಬಾಗಿಸಿ, ಹಿಂದೆ ಹಿಂದೆ ಸರಿಯುತ್ತ ಭತ್ತದ ಸಸಿ ನೆಡುವುದು ಅವಳ ಕಾಯಕ. ಅರವತ್ತೊಂದು ವರ್ಷದಲ್ಲಿ ಒಂದು ಸೆಂಟು ನೆಲವೂ ಅವಳ ಹೆಸರಿನಲ್ಲಿ ಇರಲಿಲ್ಲ. ಆದರೆ ಕೇರಿಯ ನಡುವಿನ ಸಣ್ಣ ಕ್ರೈಸ್ತ ದೇವಾಲಯದ ಹೊಸ್ತಿಲು ದಾಟಿದ ಕೂಡಲೇ ಅವಳ ಹೆಸರು ಬದಲಾಗುತ್ತಿತ್ತು. ಅಲ್ಲಿ ಅವಳು ‘ಓದೋ ಅಮ್ಮ’. ಸಭೆಯ ಹೆಂಗಸರು ವೇದವೆಂದೇ ಕರೆಯುವ ದೇವರ ಪುಸ್ತಕವನ್ನು ತೆರೆದು, ಎಡಗೈಯಲ್ಲಿ ಅದನ್ನು ಹಿಡಿದು, ಬಲಗೈಯ ತೋರುಬೆರಳನ್ನು ಸಾಲಿನ ಮೇಲೆ ಆಡಿಸುತ್ತ ಅವಳು ಓದಲು ನಿಂತರೆ ಅಳುವ ಕೂಸುಗಳೂ ಸುಮ್ಮನಾಗುತ್ತವೆಂದು ಹೆಂಗಸರು ಹೇಳಿಕೊಳ್ಳುತ್ತಿದ್ದರು. ಹತ್ತೊಂಬತ್ತು ವರ್ಷಗಳಿಂದ ಆ ಹೆಸರೇ ಅವಳ ಒಡವೆ, ಅವಳ ಹೊಲ, ಅವಳ ಮನೆ.

ಆಷಾಢದ ಒಂದು ಗುರುವಾರ ಹೆಂಗಸರ ಪ್ರಾರ್ಥನೆ ಅವಳ ಮನೆಯಲ್ಲಿಯೇ ಕೂಡಿತ್ತು. ಹಿಂದಿನ ಭಾನುವಾರ ಸಭೆಯ ಮನೆಮನೆಗೂ ವೇದದ ಹೊಸ ಅನುವಾದದ ಪುಸ್ತಕ ಬಂದಿತ್ತು; ದಪ್ಪ ಅಕ್ಷರ, ತಿಳಿಯಾದ ಮಾತು. ಮೊದಲ ಪ್ರತಿಯನ್ನು ಸಭಾಪಾಲಕರು ಸಮಾಧಾನಮ್ಮನ ಕೈಗೇ ಕೊಟ್ಟಿದ್ದರು. ಗೋಡೆಗೆ ಒರಗಿ ಕುಳಿತ ಹೆಂಗಸರ ನಡುವೆ ಅವಳು ಅದನ್ನೇ ತೆರೆದು ನಿಂತಳು. ಕುರಿ ಕಾಯುವ ದೇವರ ಕೀರ್ತನೆಯನ್ನು ಎಂದಿನ ಗಂಭೀರ ಕಂಠದಲ್ಲಿ ಹೇಳತೊಡಗಿದಳು.

ಅವಳ ಸೊಸೆ ಸ್ವರ್ಣಲತಾ ಮಸ್ಕಿಯ ಹುಡುಗಿ. ಪಿಯುಸಿ ಓದಿದವಳು, ಊರಿನ ಅಂಗನವಾಡಿಯಲ್ಲಿ ಸಹಾಯಕಿ. ತೊಡೆಯ ಮೇಲೆ ಪಕ್ಕದ ಮನೆಯವರ ಹೊಸ ಪುಸ್ತಕ ಇಟ್ಟುಕೊಂಡು ಸಾಲು ಹಿಡಿದು ಬರುತ್ತಿದ್ದವಳು ತಟ್ಟನೆ ತಲೆಯೆತ್ತಿದಳು.

“ಅತ್ತೀ, ಒಂದು ಸಾಲು ಬಿಟ್ರಿ ನೋಡ್ರಿ. ಇಲ್ಲಿ ಬ್ಯಾರೆ ಐತಿ.”

ಸಮಾಧಾನಮ್ಮನ ಬೆರಳು ಹಾಳೆಯ ಮೇಲೆ ನಿಂತುಬಿಟ್ಟಿತು.

“ಏ ಸ್ವರ್ಣಾ,” ಎಂದಳು ನಾಟಿ ಗುಂಪಿನ ಎಸ್ತೇರಮ್ಮ, “ಓದೋರ ನಡುವ ಬಾಯಿ ಹಾಕೋದು ಮಸ್ಕಿಯೊಳಗ ಕಲಿಸ್ಯಾರೇನಬೇ?”

ಹೆಂಗಸರು ನಕ್ಕರು. ಸಮಾಧಾನಮ್ಮನೂ ನಗಲು ನೋಡಿದಳು. “ಕನ್ನಡಕದ ನಂಬರ್ ಬದಲಾಗೈತಿ. ಹಳೇದs ಬಾಯಿಗೆ ಬರ್ತೈತಿ,” ಎಂದು ಹೇಳಿ ಪುಸ್ತಕ ಮುಚ್ಚಿದಳು. ಮಂಡಕ್ಕಿ ಒಗ್ಗರಣೆಯೂ ಚಹಾವೂ ಬಂದವು. ಮಾತು ಬೇರೆಡೆಗೆ ತಿರುಗಿತು. ಆದರೆ ಅವಳ ಮುಂದಿನ ಚಹಾ ಕೆನೆಗಟ್ಟಿ ಹಾಗೆಯೇ ಉಳಿಯಿತು.

ಸಂಜೆ ಊಟಕ್ಕೆ ಕುಳಿತಾಗ ಮಾತಿನ ಸಿಡಿಲು ಬಿತ್ತು. ಮಗ ಜಯಶೀಲ ಸಿಂಧನೂರಿನ ಅಕ್ಕಿ ಗಿರಣಿಯಿಂದ ಆಗತಾನೆ ಬಂದು, ತಲೆಯ ತೌಡಿನ ಧೂಳನ್ನೂ ಸರಿಯಾಗಿ ತೊಳೆಯದೆ ತಟ್ಟೆಯ ಮುಂದೆ ಕುಳಿತಿದ್ದ. ಬಿಸಿ ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಚಟ್ನಿ.

“ಒಂದು ಸಾಲು ಬಿಟ್ಟಿದ್ದಕ್ಕ ನಿನ್ನ ಗಂಟೇನು ಹೋಗಿತ್ತಬೇ?” ಎಂದಳು ಸಮಾಧಾನಮ್ಮ.

“ನಾ ಬೇಕಂತ ಅಂದಿಲ್ರಿ ಅತ್ತಿ. ಪುಸ್ತಕದಾಗ ಇದ್ದಿದ್ದು ಹೇಳಿದೆ.”

“ಪುಸ್ತಕದಾಗ ಇದ್ದಿದ್ದು! ಹತ್ತು ಮಂದಿ ಮುಂದ ನನ್ನ ಇಜ್ಜತ್ ತಗದಿ. ಅಂಗನವಾಡಿ ಹುಡುಗ್ರಿಗೆ ಹೇಳಿದಂಗ ನನಗ ಹೇಳಬ್ಯಾಡ.”

“ಯವ್ವಾ, ಉಣ್ಣು ಮೊದ್ಲು. ರೊಟ್ಟಿ ಆರಾಕತ್ಯಾವ,” ಎಂದ ಜಯಶೀಲ.

“ನೀ ಸುಮ್ಮಿರೋ. ಹೇಣ್ತಿ ಮುಂದ ನಿನಗ ಬಾಯಿ ಎಲ್ಲೈತಿ?”

“ಬಾಯಿ ಇದ್ರೂ ನಿಮ್ಮಿಬ್ಬರ ನಡುವ ಅದು ಉಳಿಬೇಕಲ್ಲ!”

ಒಂಬತ್ತು ವರ್ಷದ ಮೊಮ್ಮಗಳು ಅಮೂಲ್ಯಾ ಕಿಸಕ್ಕನೆ ನಕ್ಕಳು. ನಕ್ಕಿದ್ದಕ್ಕೆ ಮೂವರಿಂದಲೂ ಬೈಸಿಕೊಂಡಳು. ಸಮಾಧಾನಮ್ಮ ತನ್ನ ತಟ್ಟೆ ಎತ್ತಿಕೊಂಡು ಹೊರಗಿನ ಕಟ್ಟೆಗೆ ಹೋದಳು. ಮರುದಿನ ಬೆಳಿಗ್ಗೆ ಸೊಸೆ ಕಟ್ಟಿದ ಬುತ್ತಿಯನ್ನು ಮುಟ್ಟದೆ, ಒಣ ರೊಟ್ಟಿಯೆರಡನ್ನು ಸೆರಗಿನಲ್ಲಿ ಕಟ್ಟಿಕೊಂಡು ಗದ್ದೆಗೆ ನಡೆದಳು.

ಸ್ವರ್ಣಲತೆಗೆ ಈ ಕೋಪದ ಅಳತೆ ಅರ್ಥವಾಗಲಿಲ್ಲ, ಆಗುವಂತೆಯೂ ಇರಲಿಲ್ಲ. ಏಕೆಂದರೆ ಆ ಮನೆಯ ದೊಡ್ಡ ಗುಟ್ಟು ಅವಳಿಗೆ ಗೊತ್ತಿರಲಿಲ್ಲ: ಸಮಾಧಾನಮ್ಮನಿಗೆ ಓದಲು ಬರುತ್ತಿರಲಿಲ್ಲ. ತನ್ನ ಹೆಸರಿನ ರುಜು ಒಂದನ್ನು ಬಿಟ್ಟರೆ ಅಕ್ಷರಲೋಕದಲ್ಲಿ ಅವಳಿಗೆ ಯಾವ ಗುರುತೂ ಇರಲಿಲ್ಲ.

ಅವಳ ಗಂಡ ದಾನಪ್ಪ ಈ ಸಭೆಯ ಉಪದೇಶಿಯಾಗಿದ್ದವನು. ನಸುಕಿನಲ್ಲಿ ಅವನು ಒಲೆಯ ಬಳಿ ಕುಳಿತು ಗಟ್ಟಿಯಾಗಿ ಓದುತ್ತಿದ್ದ. ಅವಳು ರೊಟ್ಟಿ ಬಡಿಯುತ್ತ ಕೇಳುತ್ತಿದ್ದಳು. ಒಂದೊಂದು ಬಡಿತಕ್ಕೆ ಒಂದೊಂದು ಪದ ಅವಳ ಎದೆಯಲ್ಲಿ ಕೂರುತ್ತಿತ್ತು. ಅವಳಿಗೆ ಮೆಚ್ಚಿಕೆಯಾದ ಐದು ಅಧ್ಯಾಯಗಳ ಸಂದಿಯಲ್ಲಿ ಅವನು ಐದು ಬಣ್ಣದ ದಾರಗಳನ್ನು ಇಟ್ಟಿದ್ದ. ‘ನೀನೂ ತಗದು ನೋಡು’ ಎಂದು ಅಕ್ಕರೆಯಿಂದ. ಹಸಿರು ದಾರ ಕುರಿ ಕಾಯುವ ದೇವರದು, ಕೆಂಪು ಶಿಲುಬೆಯದು, ಬಿಳಿಯದು ಪುನರುತ್ಥಾನದ ಮುಂಜಾವಿನದು. ಅವನು ತೀರಿಹೋದ ನಲವತ್ತನೆಯ ದಿನದ ಪ್ರಾರ್ಥನೆಯಲ್ಲಿ ಯಾರೋ ಆ ಪುಸ್ತಕವನ್ನೇ ಅವಳ ಕೈಯಲ್ಲಿಟ್ಟು, ‘ಅವರ ಪುಸ್ತಕ, ನೀವs ಒಂದೀಟು ಓದ್ರಿ’ ಎಂದರು. ಅವಳು ಬಿಳಿಯ ದಾರ ಹಿಡಿದು ತೆರೆದಳು. ಅಳುತ್ತಲೇ ಹೇಳಿ ಮುಗಿಸಿದಳು. ‘ಉಪದೇಶಿ ಹೇಣ್ತಿಗೂ ಓದ ಕಲಿಸ್ಯಾನ’ ಎಂದು ಜನ ಕಣ್ಣೊರೆಸಿಕೊಂಡರು. ಇಲ್ಲವೆನ್ನಲು ಅವಳಿಗೆ ನಾಲಗೆ ಏಳಲಿಲ್ಲ. ಒಂದು ದಿನದ ಮೌನ ಹತ್ತೊಂಬತ್ತು ವರ್ಷಗಳ ಹೆಸರಾಯಿತು.

ಜಗಳವಾದ ಐದನೆಯ ದಿನ ಸಭಾಪಾಲಕರ ಪತ್ನಿ ಮನೆಗೆ ಬಂದರು. ಅವರನ್ನು ಎಲ್ಲರೂ ಅಮ್ಮನವರು ಎನ್ನುತ್ತಿದ್ದರು.

“ಮುಂದಿನ ತಿಂಗಳು ಎರಡನೇ ಭಾನುವಾರ ಲಿಂಗಸುಗೂರಿನಾಗ ಸ್ತ್ರೀಯರ ಕೂಟ ಐತ್ರಿ, ಸಮಾಧಾನಮ್ಮ. ಸಿಂಧನೂರು, ಮಸ್ಕಿ, ಗುರುಗುಂಟಾ, ಎಲ್ಲಾ ಕಡೆ ಹೆಣ್ಮಕ್ಕಳು ಬರ್ತಾರ. ಪ್ರಾರ್ಥನಿ, ಪ್ರಸಂಗ ಎಲ್ಲಾ ಹೆಣ್ಮಕ್ಕಳದ. ವೇದ ಓದೋದು ನಮ್ಮ ಸಭೆಗೆ ಬಂದೈತಿ.”

“ಯಾರು ಓದ್ತಾರ್ರಿ?”

“ಇದೇನು ಕೇಳ್ತೀರಿ! ನೀವಿದ್ದು ಬ್ಯಾರೆ ಯಾರು? ಅದೇ ಕುರಿ ಕಾಯೋ ದೇವರ ಕೀರ್ತನಿ. ಆದ್ರ ಈ ಸಲ ಹೊಸ ಪುಸ್ತಕದಾಗಿಂದs ಆಗಬೇಕು. ಎಲ್ಲಾರ ಕೈಯಾಗೂ ಅದ ಇರ್ತೈತಿ, ಕೂಡಿ ನೋಡ್ತಾರ.”

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಸ್ವರ್ಣಲತೆಯ ಕಡೆಗೆ ಸಮಾಧಾನಮ್ಮ ಒಮ್ಮೆ ನೋಡಿದಳು. “ಆಗಲಿ ಬಿಡ್ರಿ,” ಎಂದಳು. ಸೊಸೆ ಅಲ್ಲಿ ನಿಂತಿರದಿದ್ದರೆ ಬೇರೆ ಉತ್ತರವನ್ನೇ ಕೊಡುತ್ತಿದ್ದಳೇನೋ.

ಈ ಗುಟ್ಟು ಗೊತ್ತಿದ್ದದ್ದು ನೆರೆಮನೆಯ ಗೆಳತಿ ದಾವಲ್‌ಬೀಗೆ ಮಾತ್ರವೆಂದು ಅವಳು ನಂಬಿದ್ದಳು. ನಡುವಿನ ಗಿಡ್ಡ ಗೋಡೆಯ ಆಚೆ ದಾವಲ್‌ಬೀ ಮೆಣಸಿನಕಾಯಿ ಒಣಹಾಕುತ್ತಿದ್ದಾಗ ಸಮಾಧಾನಮ್ಮ ಎಲ್ಲವನ್ನೂ ಹೇಳಿದಳು.

“ನಾ ಚಿಕ್ಕಾಕಿದ್ದಾಗಿಂದ ಅರಬ್ಬಿ ಓದ್ತೀನಿ,” ಎಂದಳು ದಾವಲ್‌ಬೀ. “ಅಕ್ಷರ ಬರ್ತಾವ, ಅರ್ಥ ಅಲ್ಲಾನಿಗೆ ಗೊತ್ತು. ನಿನಗ ಅರ್ಥ ಗೊತ್ತೈತಿ, ಅಕ್ಷರ ಬರಂಗಿಲ್ಲ. ನಮ್ಮಿಬ್ಬರನ್ನೂ ಕೂಡಿಸಿದ್ರ ಒಬ್ಬಾಕಿ ಕಲ್ತ ಹೆಣ್ಮಗಳು ಆಗ್ತಾಳ ನೋಡು!”

“ನಿನಗ ನಗು. ನನ್ನ ಜೀವ ಹೋಗಾಕತ್ತೈತಿ.”

“ಸೊಸಿಗೆ ಹೇಳಬೇ. ಕಲ್ತಾಕಿ ಅದಾಳ.”

“ಸೊಸಿಗೆ ಇಂಥಾದ್ದು ಹೇಳಿ ತಲಿ ಎತ್ತಿ ತಿರಗೋ ಅತ್ತಿ ಯಾವೂರಾಗ ಅದಾಳ? ನಿಮ್ಮ ಮೆಹರಬಾನುಗ ನೀ ಹೇಳ್ತಿದ್ದೇನು?”

ತನ್ನ ಸೊಸೆಯ ಹೆಸರು ಕೇಳಿದ್ದೇ ದಾವಲ್‌ಬೀ ಮೆಣಸಿನಕಾಯಿ ತಿರುವಿಹಾಕುವುದರಲ್ಲಿ ಮಗ್ನಳಾದಳು.

ಉಳಿದದ್ದು ಒಂದೇ ದಾರಿ. ಹೊಸ ಮಾತನ್ನೂ ಬಾಯಿಪಾಠ ಮಾಡುವುದು. ಶಾಲೆ ಬಿಟ್ಟು ಬಂದ ಅಮೂಲ್ಯಾಳನ್ನು ದಿನವೂ ಕಟ್ಟೆಯ ಮೇಲೆ ಕೂರಿಸಿಕೊಂಡು, “ನಿನ್ನ ಓದು ಹೆಂಗೈತಿ ನೋಡ್ತೀನಿ, ಹೊಸ ಪುಸ್ತಕದಾಗ ಕುರಿ ಕಾಯೋ ದೇವರ ಕೀರ್ತನಿ ತಗದು ಓದು,” ಎನ್ನುತ್ತಿದ್ದಳು.

“ಆಗಲೇ ಆರು ಸಲ ಆತಜ್ಜಿ. ನಮ್ಮ ಟೀಚರ್ ಮೂರು ಸಲ ಅಷ್ಟ ಓದಸ್ತಾರ.”

“ನಿಮ್ಮ ಟೀಚರಿಗೆ ಜಲ್ದಿ ಮನಿಗೆ ಹೋಗೋದೈತಿ. ನನಗಿಲ್ಲ. ಓದು.”

“ಪೇರಲಹಣ್ಣು ಕೊಡಸ್ತೀ?”

“ದೇವರ ಮಾತಿಗೆ ಲಂಚ ಕೇಳ್ತಾಳ ನೋಡು! ಎರಡು ಕೊಡಸ್ತೀನಿ, ಓದು.”

ಆದರೆ ಹೊಸ ಮಾತು ಅವಳ ಒಳಗೆ ಇಳಿಯಲೊಲ್ಲದು. ಹಳೆಯ ಮಾತು ಅಲ್ಲಿ ಬೇರುಬಿಟ್ಟು ಕುಳಿತಿತ್ತು. ಗದ್ದೆಯಲ್ಲಿ ಸಸಿ ನೆಡುತ್ತ ಹೊಸದನ್ನು ಆರಂಭಿಸಿದರೆ ಎರಡನೆಯ ಸಾಲಿಗೆ ನಾಲಗೆ ಹಳೆಯ ದಾರಿಗೆ ಹೊರಳುತ್ತಿತ್ತು. ದಾನಪ್ಪನ ದನಿ ಬಂದು ಕೂಡುತ್ತಿತ್ತು. ಎರಡೂ ಬೆರೆತು ಯಾವುದೂ ಅಲ್ಲದ ಮೂರನೆಯದೊಂದು ಬಾಯಿಗೆ ಬರುತ್ತಿತ್ತು.

“ಏನಬೇ ಗುಣುಗುಣು?” ಎಂದು ಎಸ್ತೇರಮ್ಮ ಪಕ್ಕದಿಂದ ಗದರಿದಳು. “ನಿನ್ನ ಸಾಲು ಹಾವು ಹರದಂಗ ಹೊಂಟೈತಿ ನೋಡು.”

ಬದುವಿನ ಮೇಲಿಂದ ಜಮೀನಿನ ಒಡೆಯ ಹಂಪಣ್ಣನೂ ಕೂಗಿದ: “ಮುದುಕೀ, ನಿದ್ದಿ ಬಂದೈತೇನು?”

ಮೂವತ್ತು ವರ್ಷದಲ್ಲಿ ಯಾರೂ ಅವಳ ಸಾಲನ್ನು ಸೊಟ್ಟ ಎಂದಿರಲಿಲ್ಲ.

ಕೂಟಕ್ಕೆ ಹತ್ತು ದಿನ ಉಳಿದಾಗ ಅವಳು ಇನ್ನೊಂದು ಉಪಾಯ ಹೂಡಿದಳು. ಎಲ್ಲರ ಮುಂದೆ ಪುಟ ತಡಕಾಡಿದರೆ ಕೆಟ್ಟೀತು, ಅಮೂಲ್ಯಾಳಿಗೆ ಗುರುತಿಡಲು ಹೇಳಿದರೆ ಗುಟ್ಟು ಹೊರಬಿದ್ದೀತು ಎಂದು, ಮನೆಯಲ್ಲಿ ಯಾರೂ ಇಲ್ಲದ ಹೊತ್ತಿನಲ್ಲಿ ಹಳೆಯ ಪುಸ್ತಕವನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟುಕೊಂಡಳು. ಹಳೆಯದರಲ್ಲಿ ಹಸಿರು ದಾರದವರೆಗೆ ಎಷ್ಟು ದಪ್ಪವೆಂದು ಬೆರಳಿನಿಂದ ಅಳೆದಳು. ಹೊಸದರಲ್ಲಿ ಅಷ್ಟೇ ದಪ್ಪ ಹಿಡಿದು ಅದೇ ದಾರವನ್ನು ಇಟ್ಟಳು. ಉಳಿದ ನಾಲ್ಕು ದಾರಗಳಿಗೂ ಹಾಗೆಯೇ ಮಾಡಿದಳು. ಸಸಿಯಿಂದ ಸಸಿಗೆ ಅಂತರ ಅಳೆದ ಬೆರಳುಗಳು ಅವು, ಎಂದೂ ತಪ್ಪಿದವಲ್ಲ.

ಶನಿವಾರ ಮನೆ ಗುಡಿಸುವಾಗ ಸ್ವರ್ಣಲತಾ ಗೋಡೆಯ ಗೂಡಿನಲ್ಲಿದ್ದ ಹೊಸ ಪುಸ್ತಕವನ್ನು ಕೈಗೆತ್ತಿಕೊಂಡಳು. ಹಸಿರು ದಾರ ಜೋತಾಡುತ್ತಿತ್ತು. ಅತ್ತೆ ಇಷ್ಟು ದಿನ ಹುಡುಗಿಯಿಂದ ಓದಿಸುತ್ತಿರುವ ಕೀರ್ತನೆ ಅಲ್ಲಿರಬೇಕೆಂದು ತೆರೆದಳು. ಅಲ್ಲಿದ್ದದ್ದು ಕೀರ್ತನೆಯಲ್ಲ, ಇಂಥವನ ಮಗ ಇಂಥವನು, ಇವನ ಮಗ ಇವನು ಎಂಬ ಎರಡು ಪುಟಗಳ ವಂಶಾವಳಿ. ಕೆಂಪು ದಾರದಲ್ಲಿ ದೇವಾಲಯದ ಗೋಡೆಗಳ ಅಳತೆಯ ಲೆಕ್ಕವಿತ್ತು. ಬಿಳಿಯ ದಾರದಲ್ಲಿ ಯಾವುದೋ ರಾಜನ ಯುದ್ಧ.

ಅವಳು ಹಳೆಯ ಪುಸ್ತಕವನ್ನು ತೆರೆದು ನೋಡಿದಳು. ಅದರಲ್ಲಿ ದಾರಗಳಿರಲಿಲ್ಲ, ಅವು ಇದ್ದ ಜಾಗದಲ್ಲಿ ಬಣ್ಣ ಬಿಟ್ಟ ಗೆರೆಗಳಿದ್ದವು. ಹಸಿರು ಗೆರೆಯ ಪುಟದಲ್ಲಿ ಕುರಿ ಕಾಯುವ ದೇವರ ಕೀರ್ತನೆ ಇತ್ತು. ಅವಳು ಅಲ್ಲಿಯೇ ನೆಲದ ಮೇಲೆ ಕುಳಿತುಬಿಟ್ಟಳು. ಒಲೆಯ ಮೇಲಿನ ಅನ್ನದ ತಳ ಹತ್ತಿ, ಹೊಗೆ ಪಡಸಾಲೆಗೆ ಬಂದರೂ ಏಳಲಿಲ್ಲ.

ಜಯಶೀಲ ಬಂದಾಗ ಅವನನ್ನು ಹಿತ್ತಲಿಗೆ ಕರೆದಳು. “ಒಂದು ಮಾತು ಕೇಳ್ತೀನಿ, ಖರೇ ಹೇಳ್ರಿ. ಅತ್ತಿಗೆ ಓದಾಕ ಬರ್ತೈತೇನು?”

ಅವನು ಬಚ್ಚಲ ಕಲ್ಲಿನ ಮೇಲೆ ಕುಳಿತು ಬಹಳ ಹೊತ್ತು ಕಾಲು ತೊಳೆದ. “ನಾ ಏಳನೇ ಕ್ಲಾಸಿನಾಗ ಗಣಿತದಾಗ ಫೇಲಾಗಿದ್ದೆ. ಚೀಟಿ ತಂದು ಅವ್ವಗ ತೋರಿಸಿ, ಪಾಸ್ ಅಂತ ಬರದಾರ ನೋಡು ಅಂದೆ. ಕನ್ನಡಕ ಹಾಕ್ಕೊಂಡು, ಬೆರಳಿಟ್ಟು ನೋಡಿ, ‘ಹೌದು, ಮಸ್ತ್ ಬರದಾರ’ ಅಂತಂದು ಸಿಹಿ ಸಜ್ಜಕ ಮಾಡಿ ಉಣ್ಣಿಸಿದ್ಲು.” ಅವನು ನಕ್ಕ; ಆಮೇಲೆ ನಗಲಿಲ್ಲ. “ಆ ಸಜ್ಜಕ ಇನ್ನೂ ನನ್ನ ಗಂಟಲದಾಗ ಐತಿ. ಯಾರಿಗೂ ಹೇಳಬ್ಯಾಡ, ಸ್ವರ್ಣಾ.”

ಸೀದ ಅನ್ನವನ್ನು ಸ್ವರ್ಣಲತಾ ತಾನೇ ಬಡಿಸಿಕೊಂಡಳು. ಊಟದ ಬಳಿಕ ಐದು ದಾರಗಳನ್ನೂ ಒಂದೊಂದಾಗಿ ತೆಗೆದು, ಹೊಸ ಪುಸ್ತಕದಲ್ಲಿ ಅವು ಇರಬೇಕಾದ ಪುಟಗಳಲ್ಲಿ ಇಟ್ಟಳು. ಅತ್ತೆಗೆ ತಿಳಿಯಲಾರದು ಎಂದುಕೊಂಡಳು. ಅಳತೆಯ ಬೆರಳುಗಳನ್ನು ಅವಳು ಲೆಕ್ಕಕ್ಕೆ ಹಿಡಿಯಲಿಲ್ಲ.

ಮರುದಿನ ಆರಾಧನೆ ಮುಗಿಸಿ ಬಂದು ಸಮಾಧಾನಮ್ಮ ಪುಸ್ತಕ ಹಿಡಿದಳು. ಬೆರಳಿನಿಂದ ದಪ್ಪ ನೋಡಿದಳು. ಮತ್ತೆ ನೋಡಿದಳು. ಪುಸ್ತಕವನ್ನು ಎದೆಗವಚಿಕೊಂಡು ಅಡುಗೆಮನೆಗೆ ಬಂದಾಗ ಸ್ವರ್ಣಲತಾ ರೊಟ್ಟಿ ಬಡಿಯುತ್ತಿದ್ದಳು.

“ದಾರ ಯಾರು ಸರಿಸಿದ್ರು?”

ಬಡಿತ ನಿಂತಿತು. “ನಾನs ಅತ್ತಿ.”

“ತಪ್ಪಿತ್ತೇನು?”

“ಹ್ಞೂಂ.”

“ಐದೂ?”

“ಐದೂ, ಅತ್ತಿ.”

ಸಮಾಧಾನಮ್ಮ ಒಲೆಯ ಎದುರು ಕುಳಿತಳು. ಹಂಚಿನ ಮೇಲಿನ ರೊಟ್ಟಿಯ ಕಡೆ ಕೈ ಮಾಡಿದಳು. “ಹೊಳ್ಳಿ ಹಾಕು, ಸುಡಾಕತ್ತೈತಿ,” ಎಂದಳು. ಸ್ವರ್ಣಲತಾ ಹೊರಳಿಸಿದಳು.

“ಅತ್ತೀ, ಅವತ್ತು ಗುರುವಾರ ನಾ ಬಾಯಿ ಬಿಡಬಾರದಿತ್ತು. ನನ್ನ ಮಾಫ್ ಮಾಡ್ರಿ.”

“ನಿನಗ ಗೊತ್ತಿರಲಿಲ್ಲಲ್ಲ. ಗೊತ್ತಿದ್ದಾಕಿ ನಾನು.” ಅವಳ ದನಿ ಸಣ್ಣದಾಯಿತು. “ಗದ್ದ್ಯಾಗ ನನ್ನ ಹೆಸರು ಹಿಡದು ಯಾರು ಕರೀತಾರಬೇ? ಇಷ್ಟು ಎಕರೆ ನಟ್ಟೀನಿ, ಮುದುಕಿ ಅಂತಾರ. ಗುಡಿಯೊಳಗ ಹೋದ್ರ ಎದ್ದು ಜಾಗ ಬಿಡ್ತಾರ. ಅದೂ ಹೋದ್ರ ನಾ ಯಾರು?”

“ನಾ ಕಲಿಸ್ತೀನಿ, ಅತ್ತಿ.”

“ಏಳು ದಿನದಾಗ?”

“ಇಲ್ಲಂದ್ರ ನಿಮಗ ಗಂಟಲು ಹಿಡದೈತಿ ಅಂತ ಹೇಳೋಣು. ನಾ ಓದ್ತೀನಿ. ಯಾರಿಗೂ ತಿಳಿಯಂಗಿಲ್ಲ.”

ಸಮಾಧಾನಮ್ಮ ತಲೆಯಲ್ಲಾಡಿಸಿದಳು. “ಒಂದು ಸುಳ್ಳು ಸಾಕಾಕ ಹತ್ತೊಂಬತ್ತು ವರ್ಷ ಹೋದವು. ಇನ್ನೊಂದು ಸಾಕಾಕ ನನಗ ಅಷ್ಟು ಆಯುಷ್ಯ ಎಲ್ಲೈತಿ?” ಎಂದು, ಬಿಸಿ ರೊಟ್ಟಿಯನ್ನು ಹಂಚಿನಿಂದ ತಾನೇ ಎತ್ತಿ ಮುರಿದು, ಅರ್ಧವನ್ನು ಸೊಸೆಯ ಕೈಗಿತ್ತಳು. “ನಾನs ನಿಂದ್ರತೀನಿ. ಏನು ಹೇಳಬೇಕು ಅನ್ನೋದು ದೇವರಿಗೆ ಬಿಟ್ಟೀನಿ.” ಅತ್ತೆ ಸೊಸೆಯರು ಒಂದೇ ಒಲೆಯ ಮುಂದೆ ಕೂತು ಉಂಡು ಅಂದಿಗೆ ಹದಿನೇಳು ದಿನಗಳಾಗಿದ್ದವು.

ಕೂಟದ ಭಾನುವಾರ ಬೆಳಿಗ್ಗೆ ಹದಿಮೂರು ಮಂದಿ ಹೆಂಗಸರನ್ನು ತುಂಬಿಕೊಂಡ ಟೆಂಪೊ ಸಿಂಧನೂರು ದಾಟಿ, ಮಸ್ಕಿ ದಾಟಿ ಲಿಂಗಸುಗೂರಿನ ಕಡೆ ಓಡಿತು. ಹಾದಿಯುದ್ದಕ್ಕೂ ಹಾಡು, ಚಪ್ಪಾಳೆ. ಭತ್ತದ ಹಸುರು ಹಿಂದೆ ಸರಿದು ಕೆಂಪು ನೆಲದ ತೊಗರಿ, ಸಜ್ಜೆಗಳು ಬಂದವು. ಸಮಾಧಾನಮ್ಮ ಮಾತ್ರ ಹಾಡಲಿಲ್ಲ. ತುದಿಯಲ್ಲಿ ಕುಳಿತ ಸ್ವರ್ಣಲತಾ ಆಗಾಗ ಅತ್ತೆಯ ಮುಖ ನೋಡುತ್ತಿದ್ದಳು.

ದೇವಾಲಯ ಕಿಕ್ಕಿರಿದಿತ್ತು. ಮುನ್ನೂರು ಹೆಂಗಸರು ಇದ್ದಾರೆಂದರು ಅಮ್ಮನವರು. ಎರಡನೆಯ ಹಾಡು ಮುಗಿದದ್ದೇ ‘ವೇದಪಾಠ, ದಢೇಸುಗೂರು ಸಭೆ’ ಎಂದು ಕರೆ ಬಂತು. ಸಮಾಧಾನಮ್ಮ ಎದ್ದು ನಡೆದಳು. ಪುಸ್ತಕವನ್ನು ಪೀಠದ ಮೇಲೆ ಇಟ್ಟಳು. ತೆರೆಯಲಿಲ್ಲ. ಮಡಿಲುಗಳಲ್ಲಿ ಹಾಳೆಗಳು ಹೊರಳಿ ನಿಂತವು.

“ಅಕ್ಕದೇರಾ, ತಂಗೇರಾ,” ಎಂದಳು. “ನನಗ ಓದಾಕ ಬರಂಗಿಲ್ಲ. ಯಾವತ್ತೂ ಬರ್ತಿರಲಿಲ್ಲ. ನನ್ನ ಗಂಡ ಓದ್ತಿದ್ದ, ನಾ ಕೇಳ್ತಿದ್ದೆ. ಕೇಳಿದ್ದನ್ನ ಪುಸ್ತಕ ಹಿಡದು ಹೇಳ್ತಿದ್ದೆ. ನೀವು ಓದೋ ಅಮ್ಮ ಅಂದ್ರಿ, ನಾ ಸುಮ್ಮಿದ್ದೆ. ದೇವರ ಪುಸ್ತಕ ಹಿಡದು ಹತ್ತೊಂಬತ್ತು ವರ್ಷ ಸುಳ್ಳಾಡೀನಿ. ನಮ್ಮೂರಿನ ಹೆಣ್ಮಕ್ಕಳಿಗೆ ಎಲ್ಲಾರಕಿಂತ ಹೆಚ್ಚು. ಅವರು ನನ್ನ ಮಾಫ್ ಮಾಡಬೇಕು.”

ಸ್ವರ್ಣಲತಾ ಸೆರಗಿನ ಚುಂಗನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದಳು.

ಹಿಂದಿನ ಸಾಲಿನಿಂದ ಎಸ್ತೇರಮ್ಮ ಎದ್ದು ನಿಂತಳು. ಅವಳ ಪಿಸುಮಾತೂ ಗದ್ದೆಯ ಆಚೆ ಬದುವಿಗೆ ಕೇಳುವಂಥದು. ಈಗ ಪಿಸುಗುಡುವ ಉದ್ದೇಶವೂ ಅವಳಿಗಿರಲಿಲ್ಲ.

“ಯಾರಿಗಬೇ ಸುಳ್ಳಾಡಿ? ನಮಗ ಗೊತ್ತಿರಲಿಲ್ಲೇನು? ಗುಡಿಗೆ ಹೊಸ ಫ್ಯಾನ್ ಹಾಕಿಸಿದ ದಿನ ಗಾಳಿಗೆ ಹಾಳಿ ತಾವs ಹೊಳ್ಳಾಕತ್ತಿದ್ವು. ಹತ್ತು ಹಾಳಿ ಆ ಕಡಿ ಹಾರಿದ್ವು, ಹತ್ತು ಹಾಳಿ ಈ ಕಡಿ ಬಂದ್ವು. ನಿನ್ನ ಓದು ಒಂದು ಚೂರೂ ನಿಂದ್ರಲಿಲ್ಲ!”

ನಗೆಯ ಅಲೆಯೊಂದು ದೇವಾಲಯವನ್ನು ತುಂಬಿತು. ದಢೇಸುಗೂರಿನ ಇನ್ನೊಬ್ಬಳು ಕೂತಲ್ಲಿಂದಲೇ ಕೂಗಿದಳು: “ಹಬ್ಬದ ದಿನ ಕನ್ನಡಕ ಮನ್ಯಾಗ ಬಿಟ್ಟು ಬಂದಿದ್ದಿ, ಅವತ್ತೂ ಓದಿದಿ!”

“ಗೊತ್ತಿತ್ತಂದ್ರ ಯಾಕ ಸುಮ್ಮಿದ್ರಿಬೇ?” ಎಂದಳು ಸಮಾಧಾನಮ್ಮ.

“ಯಾಕಂದ್ರ?” ಎಸ್ತೇರಮ್ಮನ ದನಿ ಇಳಿಯಿತು. “ನಮಗೂ ಯಾರಿಗೂ ಓದಾಕ ಬರಂಗಿಲ್ಲಲ್ಲಬೇ. ಓದೋರು ಓದಿ ಹೋಗ್ತಾರ. ನೀ ಗದ್ದ್ಯಾಗ ನಮ್ಮ ಜೋಡಿ ಹಿಂದಕ್ಕ ಸರಕೋತ ಹೇಳಿದಿ, ಅದು ನಮ್ಮ ಬಾಯಿಗೂ ಬಂತು. ನನ್ನ ಗಂಡ ಸತ್ತಾಗ ಅದನ್ನ ಹೇಳ್ಕೊಂತ ಕುಂತಿದ್ದೆ. ಇಲ್ಲೆ ಕುಂತಾಳಲ್ಲ, ಇಕಿ ಮಗಳು ಹಡಿಯಾಕ ಹೋದಾಗ ಇಕಿ ದವಾಖಾನಿ ಹೊರಗ ಅದನ್ನ ಹೇಳ್ಕೊಂತ ಕುಂತಿದ್ಲು. ಸುಳ್ಳಂತ ಸುಳ್ಳು! ಈಗ ಅಳೋದು ಬಿಟ್ಟು ಹೇಳು.”

ಸಮಾಧಾನಮ್ಮ ಪೀಠದ ಅಂಚು ಹಿಡಿದು ಕಣ್ಣು ಮುಚ್ಚಿದಳು. ಮೊದಲ ಸಾಲು ಅವಳ ಬಾಯಿಂದ ಹೊರಟಿತು. ಎರಡನೆಯ ಸಾಲಿಗೆ ಹಿಂದಿನ ಸಾಲಿನ ಹನ್ನೊಂದು ಕಂಠಗಳು ಬಂದು ಕೂಡಿದವು. ಒಂದು ಮಾತೂ ತಪ್ಪದೆ, ಒಂದು ಉಸಿರೂ ಹಿಂದುಮುಂದಾಗದೆ, ಒಂದೇ ಗದ್ದೆಯಲ್ಲಿ ಒಂದೇ ಹೆಜ್ಜೆಗೆ ಸರಿಯುವವರ ಲಯದಲ್ಲಿ. ಕೂತವರು ಮಡಿಲ ಪುಸ್ತಕಗಳನ್ನು ಒಬ್ಬೊಬ್ಬರಾಗಿ ಮುಚ್ಚಿದರು.

ಆಮೇಲೆ ಅವಳು ಸೊಸೆಯನ್ನು ಕೈಬೀಸಿ ಕರೆದಳು. “ಸ್ವರ್ಣಾ, ಬಾ ಇಲ್ಲೆ. ಹೊಸ ಪುಸ್ತಕದಾಗ ಹೆಂಗೈತಿ, ಅದನ್ನೂ ಕೇಳಲಿ.” ಸ್ವರ್ಣಲತಾ ಬಂದು ಅತ್ತೆಯ ಪಕ್ಕದಲ್ಲಿ ನಿಂತು ನಿಧಾನವಾಗಿ ಓದಿದಳು. ಯಾರೂ ನಡುವೆ ಬಾಯಿ ಹಾಕಲಿಲ್ಲ.

ಊಟ ಹೊರಗಿನ ಬೇವಿನ ಮರಗಳ ನೆರಳಿನಲ್ಲಿ. ಹುಗ್ಗಿ, ಅನ್ನ, ಬದನೆಕಾಯಿ ಪಲ್ಯ. ಸಮಾಧಾನಮ್ಮ ಎಲೆಯ ಮುಂದೆ ಕುಳಿತಾಗ ಗುರುಗುಂಟಾದ ಮೂವರು ಹೆಂಗಸರು ತಮ್ಮ ಎಲೆಗಳನ್ನು ಎತ್ತಿಕೊಂಡು ಬಂದು ಅವಳೆದುರು ಕುಳಿತರು. ಕುರಿ ಕಾಯುವವರು, ಕೈಯಲ್ಲಿ ಮುಳ್ಳು ಗೀರಿದ ಗುರುತುಗಳು.

“ಅಮ್ಮಾ,” ಎಂದಳು ಅವರಲ್ಲಿ ಹಿರಿಯಳು, “ನಮ್ಮ ಕೇರ್ಯಾಗ ಓದೋರು ಯಾರೂ ಇಲ್ರೀ. ಸಭೆ ನಡಸೋ ಅಯ್ನೋರು ತಿಂಗಳಿಗೊಮ್ಮೆ ಬರ್ತಾರ. ಇದನ್ನ ನಮ್ಮ ಬಾಯಿಗೆ ಹಾಕಿ ಕಳಸ್ರಿ.”

“ನಾ ಓದಿಲ್ಲಂತ ಈಗ ಹೇಳಿದ್ನಲ್ಲಬೇ!”

“ಅದಕ್ಕs ನಿಮ್ಮ ಹಂತ್ಯಾಕ ಬಂದೀವಿ. ಓದಿದೋರಿಗೆ ಕೇಳಿದ್ರ ಪುಸ್ತಕ ಕೊಡ್ತಾರ.”

ಸಮಾಧಾನಮ್ಮ ಅವರನ್ನು ನೋಡಿದಳು. ಬಹಳ ದಿನಗಳ ಮೇಲೆ ಅವಳ ಮುಖ ತುಂಬ ನಗು ಬಂತು. “ಬಸ್ಸು ಎಷ್ಟೊತ್ತಿಗೆ ನಿಮ್ದು?”

“ನಾಲ್ಕಕ್ಕರಿ.”

“ಹಂಗಾದ್ರ ಉಣಕೋತs ಕಲೀರಿ. ಒಂದು ತುತ್ತಿಗೆ ಒಂದು ಮಾತು. ಮಾತು ಬರೂಮಟ ಮುಂದಿನ ತುತ್ತು ಎತ್ತಬಾರದು ಮತ್ತ.”

ಅವಳು ಹೇಳಿದಳು, ಅವರು ಹೇಳಿದರು. ತಪ್ಪಿದ ಕಿರಿಯಳ ಕೈಯಿಂದ ತುತ್ತನ್ನು ಎಲೆಗೆ ಇಳಿಸಿ, ಮತ್ತೆ ಹೇಳಿಸಿದಳು. ಹುಗ್ಗಿ ಆರಿತು, ಯಾರಿಗೂ ಅದರ ಪರಿವೆ ಇರಲಿಲ್ಲ. ಬಡಿಸುವವರು ಬಂದು, ಮೂವರಿದ್ದ ಸಾಲಿನಲ್ಲಿ ನಾಲ್ಕು ಎಲೆಗಳನ್ನು ಕಂಡರು. ನಾಲ್ಕನೆಯ ಎಲೆಯ ಮುಂದೆ, ಹೊಸ ಪುಸ್ತಕವನ್ನು ಮಡಿಲಿನಲ್ಲಿ ಮುಚ್ಚಿಟ್ಟುಕೊಂಡು, ಎತ್ತಿದ ತುತ್ತನ್ನು ಹಾಗೆಯೇ ಹಿಡಿದು, ಸ್ವರ್ಣಲತಾ ಅತ್ತೆಯ ಬಾಯನ್ನೇ ನೋಡುತ್ತಿದ್ದಳು.

ಈ ಕಥೆಯನ್ನು ಕೇಳಿದ ಕಿವಿಗಳು ಒಳ್ಳೆಯ ಮಾತನ್ನೇ ಕೇಳಲಿ. ಕೆಸರಿನಲ್ಲಿ ನಿಂತವರ ಬೆನ್ನಿಗೆ ಬಲವೂ ಒಲೆಯ ಮುಂದೆ ಕುಳಿತವರ ಮನಸ್ಸಿಗೆ ತಂಪೂ ದೊರೆಯಲಿ. ಬಲ್ಲವರಿಗೆ ವಿನಯ, ಅರಿಯದವರಿಗೆ ಧೈರ್ಯ, ಕೂಡಿ ಬಾಳುವ ಮನೆಗಳಿಗೆ ಹಂಚಿ ಉಣ್ಣುವ ಅನ್ನ ಬರಲಿ. ಕರುಣಾಳುವಾದ ಕರ್ತನು ಕೇಳಿದವರೆಲ್ಲರನ್ನೂ ಹೆಸರು ಹಿಡಿದು ಕರೆದು ಕಾಯಲಿ. ತಥಾಸ್ತು, ಆಮೆನ್.